ಸ್ಟ್ರಾಂಗ್ ಕಾರ್ಡೆಲ್ಲ ಹಾಕಿದ್ರೂ ಡೆಕ್ ಯಾಕೆ ಸೋಲುತ್ತೆ? ಟೂರ್ನಮೆಂಟಿಗೆ ಡೆಕ್ ಕಟ್ಟೋದು ಹೇಗೆ?

ನೀವು ಕೇಳಿರೋದು ಇಷ್ಟು: ಶಿವಮೊಗ್ಗದಲ್ಲಿ ಪಿಯು ಓದ್ತಿದೀರಿ, ಪೋಕೆಮಾನ್ ಕಾರ್ಡ್ ಸುಮಾರು ಒಟ್ಟು ಮಾಡಿದೀರಿ, ರಜೆಯಲ್ಲಿ ಬೆಂಗಳೂರಿಗೆ ಹೋಗಿ ಟೂರ್ನಮೆಂಟ್ ಆಡೋ ಆಸೆ ಇದೆ, ಆದ್ರೆ ಇರೋದ್ರಲ್ಲಿ ಒಳ್ಳೊಳ್ಳೆ ಕಾರ್ಡೆಲ್ಲ ಒಂದೇ ಡೆಕ್ಕಿಗೆ ಹಾಕಿದ್ರೂ ಫ್ರೆಂಡ್ ಹತ್ರ ಸೋಲ್ತಾನೇ ಇದೀರಿ, ಎಂತ ಮಾಡೋದು ಅಂತ.

ನಾನೂ ಶಿವಮೊಗ್ಗದಲ್ಲೇ ಕೆಲ್ಸ ಮಾಡೋನು, ಊರು ತೀರ್ಥಹಳ್ಳಿ ಹತ್ರ, ಈ ಆಟ ಸುಮಾರು ವರ್ಷದಿಂದ ಆಡ್ತಿದೀನಿ. ನೇರವಾಗಿ ಹೇಳ್ತೀನಿ, ನೀವು ಸೋಲ್ತಿರೋದು ಒಳ್ಳೊಳ್ಳೆ ಕಾರ್ಡೆಲ್ಲ ಒಟ್ಟಿಗೆ ಹಾಕಿರೋದ್ರಿಂದ್ಲೇ. ಒಂದು ಡೆಕ್ಕಿಗೆ ಒಂದೇ ಕೆಲ್ಸ ಇರ್ಬೇಕು, ಆ ಕೆಲ್ಸ ಹತ್ತು ಆಟದಲ್ಲಿ ಎಂಟು ಆಟದಲ್ಲಾದ್ರೂ ಎರಡನೇ ಟರ್ನಿಗೆ ಆಗ್ಬಿಡ್ಬೇಕು. ಇಸ್ಪೀಟಲ್ಲಿ ಕೈಗೆ ಬಂದ ಎಲೆ ಇಟ್ಕೊಂಡು ಆಡ್ತೀವಿ, ಇದ್ರಲ್ಲಿ ಹಂಗಲ್ಲ, ಯಾವ ಎಲೆ ಎಷ್ಟು ಸಲ ಕೈಗೆ ಬರ್ಬೇಕು ಅಂತ ಮನೇಲಿ ಕೂತ್ಕೊಂಡೇ ನಾವು ತೀರ್ಮಾನ ಮಾಡಿ ಹೋಗ್ತೀವಿ, ಅರ್ಧ ಆಟ ಅಲ್ಲೇ ಮುಗಿದಿರುತ್ತೆ.

ರೂಲ್ ನಿಮಗೆ ಗೊತ್ತೇ ಇರುತ್ತೆ, ಸರಿಯಾಗಿ 60 ಕಾರ್ಡು, ಒಂದೇ ಹೆಸರಿಂದು 4ಕ್ಕಿಂತ ಜಾಸ್ತಿ ಇಲ್ಲ, ಬೇಸಿಕ್ ಎನರ್ಜಿಗೆ (ಅಟ್ಯಾಕ್ ಮಾಡೋಕೆ ಬೇಕಾಗೋ ಶಕ್ತಿ ಕಾರ್ಡು) ಮಾತ್ರ ಈ ಮಿತಿ ಇಲ್ಲ, ಮೊದಲು ಕೈಗೆ 7, ಪಕ್ಕಕ್ಕೆ ಮುಚ್ಚಿಟ್ಟ ಪ್ರೈಜ್ 6, ಎದುರಾಳಿಯ ಪೋಕೆಮಾನ್ ಬೀಳಿಸಿದಾಗೆಲ್ಲ ಅದ್ರಿಂದ ತಗೋತಾ ಹೋಗ್ಬೇಕು, ಆರೂ ಮೊದಲು ಮುಗಿಸಿದವರು ಗೆದ್ದ ಹಾಗೆ. ಈಗ ನಿಮ್ಮ ಪಿಯು ಮ್ಯಾಥ್ಸ್ ಕಾಂಬಿನೇಷನ್ಸ್ ಪಾಠ ತೆಗೀರಿ, ತಮಾಷೆಗೆ ಹೇಳ್ತಿಲ್ಲ. ಒಂದು ಕಾರ್ಡು ಡೆಕ್ಕಲ್ಲಿ ಒಂದೇ ಇದ್ರೆ ಮೊದಲ 7ರಲ್ಲಿ ಅದು ಬರೋ ಸಾಧ್ಯತೆ ಶೇ. 12ರ ಹತ್ರ. ನಾಲ್ಕು ಹಾಕಿದ್ರೆ ಶೇ. 40. ಅಂದ್ರೆ ನೀವು ಪೂರ್ತಿ ನಾಲ್ಕು ಹಾಕಿದ ಕಾರ್ಡು ಕೂಡ ಅರ್ಧಕ್ಕಿಂತ ಹೆಚ್ಚು ಆಟದಲ್ಲಿ ಶುರುವಿಗೆ ಕೈಯಲ್ಲಿರಲ್ಲ, ಹಂಗಿರುವಾಗ ನಿಮ್ಮ ಡೆಕ್ಕಲ್ಲಿ ಒಂದೊಂದೇ ಇರೋ ಆ ಹನ್ನೆರಡು ಹದಿನೈದು ದೊಡ್ಡ ಪೋಕೆಮಾನ್‌ಗಳ ಕಥೆ ಏನು ನೀವೇ ನೋಡಿ.

ಹಂಗಾದ್ರೆ ದೊಡ್ಡ ಆಟಗಾರರ ಡೆಕ್ ಹೆಂಗೆ ಪ್ರತಿ ಸಲ ಓಡುತ್ತೆ? ಹುಡುಕೋ ಕಾರ್ಡಿಂದ, ಅಂದ್ರೆ ಡೆಕ್ಕಿಂದ ಬೇಕಾದ ಕಾರ್ಡನ್ನ ಹುಡುಕಿ ತರೋ ಕಾರ್ಡಿಂದ. 2023ರಲ್ಲಿ ಬಂದ ಚಾರಿಜಾರ್ಡ್ ಈಎಕ್ಸ್ ತಗೊಳ್ಳಿ (ಈಎಕ್ಸ್ ಅಂದ್ರೆ ಜಾಸ್ತಿ ಬಲ ಇರೋ ಪೋಕೆಮಾನ್ ಕಾರ್ಡು), ಅದು ಇವತ್ತಿನ ಟೂರ್ನಮೆಂಟಿಗೆ ನಡೆಯುತ್ತೋ ಇಲ್ವೋ ಅನ್ನೋದು ಬೇರೆ ಮಾತು, ಡೆಕ್ ಕಟ್ಟೋದು ಕಲಿಯೋಕೆ ಅದಕ್ಕಿಂತ ಒಳ್ಳೆ ಉದಾಹರಣೆ ನನಗೆ ಕಾಣ್ಸಲ್ಲ. 330 ಎಚ್‌ಪಿ, ಅಂದ್ರೆ ಅಷ್ಟು ಹೊಡೆತ ಬಿದ್ರೆ ಬೀಳುತ್ತೆ, ಕೈಯಿಂದ ಅದನ್ನ ಅದ್ರ ಸಣ್ಣ ರೂಪದ ಮೇಲಿಟ್ಟು ಎವಾಲ್ವ್ ಮಾಡಿದ ತಕ್ಷಣ ಡೆಕ್ಕಿಂದ 3 ಫೈರ್ ಎನರ್ಜಿ ತಂದು ನಮ್ಮ ಪೋಕೆಮಾನಿಗೆ ಹಾಕ್ಬೋದು, ಅಟ್ಯಾಕಿಗೆ ಬೇಕಾಗಿರೋದು ಎರಡೇ. ಹೊಡೆತ 180, ಎದುರಾಳಿ ತಗೊಂಡಿರೋ ಒಂದೊಂದು ಪ್ರೈಜಿಗೂ 30 ಸೇರ್ತಾ ಹೋಗುತ್ತೆ. ಹೊಡೆತದ ನಂಬರ್ ನೋಡಿ ಈ ಕಾರ್ಡ್ ಆರಿಸ್ಕೊಂಡಿದ್ದಲ್ಲ ಜನ, ಎನರ್ಜಿ ತಾನೇ ತಂದ್ಕೊಳ್ಳುತ್ತಲ್ಲ, ಅದಕ್ಕೆ. ನಿಮ್ಮ ಹತ್ರ ಇರೋ ಯಾವ ದೊಡ್ಡ ಕಾರ್ಡಿಗೂ ಮೊದಲು ಕೇಳ್ಬೇಕಾದ ಪ್ರಶ್ನೆ ಇದು, ಇದು ಎಷ್ಟು ಹೊಡೆಯುತ್ತೆ ಅಂತ ಅಲ್ಲ, ಹೊಡೆಯೋಕೆ ಎಷ್ಟು ಟರ್ನ್ ಬೇಕು, ಎಷ್ಟು ಕಾರ್ಡ್ ಬೇಕು ಅಂತ.

ಈಗ ಹಿಂದಕ್ಕೆ ಲೆಕ್ಕ ಹಾಕ್ತಾ ಬನ್ನಿ. ಎರಡನೇ ಟರ್ನಿಗೆ ಚಾರಿಜಾರ್ಡ್ ಬೇಕು ಅಂದ್ರೆ ರೇರ್ ಕ್ಯಾಂಡಿ ಬೇಕು (ಬೇಸಿಕ್, ಅಂದ್ರೆ ಮೊದಲ ಹಂತದ ಪೋಕೆಮಾನನ್ನ ಮಧ್ಯದ ಹಂತ ಬಿಟ್ಟು ನೇರ ಕೊನೆ ಹಂತಕ್ಕೆ ಎವಾಲ್ವ್ ಮಾಡೋ ಕಾರ್ಡು), ರೇರ್ ಕ್ಯಾಂಡಿ ಅದೇ ಟರ್ನಲ್ಲಿ ಇಳಿಸಿದ ಬೇಸಿಕ್ ಮೇಲೆ ನಡೆಯಲ್ಲ, ಅಂದ್ರೆ ಮೊದಲನೇ ಟರ್ನಲ್ಲೇ ಚಾರಿಜಾರ್ಡಿನ ಬೇಸಿಕ್ ರೂಪ ಚಾರ್ಮಾಂಡರ್ ಬೆಂಚಲ್ಲಿ ಕೂತಿರ್ಬೇಕು. ಬರೀ ನಾಲ್ಕು ಚಾರ್ಮಾಂಡರ್ ಆದ್ರೆ ಶೇ. 40 ಅಂದ್ನಲ್ಲ, ಅದ್ರ ಜೊತೆ ಡೆಕ್ಕಿಂದ ಪೋಕೆಮಾನ್ ಹುಡುಕಿ ತರೋ ನೆಸ್ಟ್ ಬಾಲ್ 4, ಅಲ್ಟ್ರಾ ಬಾಲ್ 4 ಸೇರ್ಸಿ, ಈಗ ಚಾರ್ಮಾಂಡರ್‌ಗೆ ದಾರಿ ತೋರ್ಸೋ ಕಾರ್ಡು 12 ಆಯ್ತು, ಮೊದಲ ಏಳರಲ್ಲಿ ಅದ್ರಲ್ಲಿ ಒಂದಾದ್ರೂ ಇರೋದು ಶೇ. 81. ಅಲ್ಟ್ರಾ ಬಾಲಿಗೆ ಕೈಯಿಂದ ಎರಡು ಕಾರ್ಡ್ ಬಿಸಾಕ್ಬೇಕು, ಹಂಗಾಗಿ ಅಷ್ಟೂ ಪೂರ್ತಿ ನಮ್ಮದಲ್ಲ, ಆದ್ರೂ 40ಕ್ಕೂ 81ಕ್ಕೂ ಇರೋ ವ್ಯತ್ಯಾಸವೇ ನಿಮ್ಮ ಡೆಕ್ಕಿಗೂ ಗೆಲ್ಲೋರ ಡೆಕ್ಕಿಗೂ ಇರೋ ವ್ಯತ್ಯಾಸ. ಅದಕ್ಕೇ ಗೆದ್ದ ಲಿಸ್ಟ್ ಯಾವ್ದು ತೆಗೆದ್ರೂ ಅರ್ಧಕ್ಕರ್ಧ, ಕೆಲವೊಮ್ಮೆ ಇನ್ನೂ ಜಾಸ್ತಿ, ಟ್ರೇನರ್ ಕಾರ್ಡೇ (ಬಾಲ್, ಕ್ಯಾಂಡಿ ತರದ ಸಹಾಯದ ಕಾರ್ಡು) ಇರೋದು. ಹೊಸಬ್ರು ಇಪ್ಪತ್ತು ಎನರ್ಜಿ ಹಾಕ್ತಾರೆ, ಚಾರಿಜಾರ್ಡ್ ತರದ ಡೆಕ್ಕಲ್ಲಿ ಅದ್ರ ಅರ್ಧವೂ ಬೇಡ. ಇನ್ನೊಂದು ಕಡೆ ಬೇಸಿಕ್ ಪೋಕೆಮಾನ್ ತೀರಾ ಕಮ್ಮಿನೂ ಆಗ್ಬಾರ್ದು, 8 ಬೇಸಿಕ್ ಇದ್ರೆ ಮೂರರಲ್ಲಿ ಒಂದು ಸಲ ಕೈಯಲ್ಲಿ ಬೇಸಿಕ್ಕೇ ಇಲ್ದೆ ಮಲ್ಲಿಗನ್ ಆಗುತ್ತೆ, ಅಂದ್ರೆ ಕೈಯಲ್ಲಿರೋದು ವಾಪಸ್ ಸೇರ್ಸಿ ಮತ್ತೆ 7 ತೆಗೀಬೇಕು, ಆಗ ಎದುರಿನವರಿಗೆ ಪುಕ್ಕಟೆ ಒಂದು ಕಾರ್ಡ್ ಹೆಚ್ಚಿಗೆ ತಗೊಳ್ಳೋ ಅವಕಾಶ.

ಸಪೋರ್ಟರ್ (ಟ್ರೇನರ್ ಕಾರ್ಡಲ್ಲೇ ಒಂದು ಬಗೆ) ಟರ್ನಿಗೆ ಒಂದೇ ಅನ್ನೋದು ನೆನಪಿರ್ಲಿ, ಕೈಯಲ್ಲಿ ಮೂರು ಸಪೋರ್ಟರ್ ಕೂತ್ಕೊಂಡ್ರೆ ಎರಡು ದಂಡ.

ಪ್ರೈಜ್ ವಿಷ್ಯ ಸ್ವಲ್ಪ ನಿಧಾನಕ್ಕೆ ಓದಿ, ಇದನ್ನ ಜಾಸ್ತಿ ಜನ ಯೋಚ್ನೆ ಮಾಡಲ್ಲ. ಡೆಕ್ಕಲ್ಲಿ ಒಂದೇ ಇರೋ ಕಾರ್ಡು ಪ್ರೈಜಲ್ಲಿ ಸಿಕ್ಕಾಕೊಳ್ಳೋದು ಹತ್ತರಲ್ಲಿ ಒಂದು ಆಟ. ಆ ಒಂದು ಕಾರ್ಡ್ ಇಲ್ದಿದ್ರೆ ಡೆಕ್ ನಿಂತೇ ಹೋಗುತ್ತೆ ಅನ್ನೋ ಹಾಗಿದ್ರೆ ಎರಡು ಹಾಕಿ, ಎರಡೂ ಪ್ರೈಜಿಗೆ ಹೋಗೋದು ನೂರರಲ್ಲಿ ಒಂದೂ ಇಲ್ಲ. ಆಟದಲ್ಲಿ ಮೊದಲ ಸಲ ಡೆಕ್ ಹುಡುಕೋವಾಗ್ಲೇ ಎಣಿಸಿ ನೋಡಿ ಎಂತ ಎಂತ ಕಾಣ್ತಿಲ್ಲ ಅಂತ, ಇದು ಅಭ್ಯಾಸದಿಂದ ಬರುತ್ತೆ, ನಿಮ್ಮ 60 ಕಾರ್ಡು ಬಾಯಿಪಾಠ ಇರ್ಬೇಕು. ಮತ್ತೆ ಮಾಮೂಲಿ ಈಎಕ್ಸ್ ಒಂದು ಬಿದ್ರೆ ಎದುರಿನವರಿಗೆ 2 ಪ್ರೈಜ್, ಅಂದ್ರೆ ಅಂಥ ಮೂರು ಬಿದ್ರೆ ಆಟ ಮುಗೀತು, ಒಂದೊಂದೇ ಪ್ರೈಜ್ ಕೊಡೋ ಸಣ್ಣ ಪೋಕೆಮಾನ್ ಡೆಕ್ ಆದ್ರೆ ಅವರು ಆರು ಸಲ ಹೊಡೀಬೇಕು. ಸಣ್ಣ ಕಾರ್ಡಿನ ಡೆಕ್ಕುಗಳು ದೊಡ್ಡದನ್ನ ಸೋಲ್ಸೋದು ಈ ಲೆಕ್ಕದಿಂದ. ನಿಮ್ಮ ಫ್ರೆಂಡ್ ಡೆಕ್ ಆ ತರದ್ದಾ ಅಂತ ಒಂದ್ಸಲ ಗಮನಿಸಿ.

ಇನ್ನೊಂದು, ಮ್ಯಾಜಿಕ್, ಯು-ಗಿ-ಓ ಅನ್ನೋ ಬೇರೆ ಕಾರ್ಡ್ ಆಟಗಳಲ್ಲಿ 15 ಕಾರ್ಡಿನ ಸೈಡ್ (ಪಕ್ಕಕ್ಕಿಟ್ಟ ಹೆಚ್ಚುವರಿ ಕಾರ್ಡು) ಇರುತ್ತೆ, ಒಂದು ಗೇಮ್ ಆದ್ಮೇಲೆ ಎದುರಾಳಿನ ನೋಡಿ ಬದಲಾಯಿಸ್ಕೋಬೋದು. ಪೋಕೆಮಾನಲ್ಲಿ ಅದಿಲ್ಲ, ಮನೆಯಿಂದ ತಂದ 60ರಲ್ಲೇ ಎಲ್ಲರನ್ನೂ ಎದುರಿಸ್ಬೇಕು, ಹಂಗಾಗಿ ಯಾವುದೋ ಒಂದು ಡೆಕ್ಕಿಗೆ ಅಂತ್ಲೇ ವಿಶೇಷ ಕಾರ್ಡು ಒಂದೋ ಎರಡೋ ಹಾಕೋಕೆ ಜಾಗ ಇರುತ್ತೆ, ಅದಕ್ಕಿಂತ ಜಾಸ್ತಿ ಹಾಕಿದ್ರೆ ಓಡೋ ಗಾಡಿ ನಿಲ್ಲುತ್ತೆ.

ಹಂಗಾಗಿ ನೀವು ಸ್ವಂತವಾಗಿ ಸೊನ್ನೆಯಿಂದ ಕಟ್ಟೋಕೆ ಹೋಗ್ಬೇಡಿ ಈಗ್ಲೇ. ಲಿಮಿಟ್‌ಲೆಸ್ ಸೈಟಲ್ಲಿ ದೊಡ್ಡ ಟೂರ್ನಮೆಂಟ್ ಗೆದ್ದ ಲಿಸ್ಟೆಲ್ಲ ಸಿಗುತ್ತೆ, ಒಂದು ಆರಿಸ್ಕೊಳ್ಳಿ, ಹಂಗಂಗೇ ಕಾಪಿ ಮಾಡಿ. ಇದ್ರಲ್ಲಿ ನಾಚ್ಕೆ ಪಡೋದು ಏನೂ ಇಲ್ಲ ಮಾರಾಯ್ರೇ, ಪ್ರತಿಯೊಂದು ಕಾರ್ಡೂ ಯಾಕಿದೆ, ಯಾಕೆ 3 ಇದೆ ಯಾಕೆ 4 ಇಲ್ಲ ಅಂತ ಆಡ್ತಾ ಆಡ್ತಾ ಅರ್ಥ ಆಗುತ್ತಲ್ಲ, ಡೆಕ್ ಕಟ್ಟೋದು ಕಲಿಯೋದೇ ಅಲ್ಲಿ. ಆಮೇಲೆ ಒಂದು ಸಲಕ್ಕೆ ಒಂದೇ ಕಾರ್ಡ್ ಬದಲಾಯ್ಸಿ. ಕಾರ್ಡಿನ ಕೆಳಗಡೆ ಎಡಮೂಲೆಲಿ ಸಣ್ಣ ಅಕ್ಷರ ಇರುತ್ತೆ ನೋಡಿ, ಸ್ಟ್ಯಾಂಡರ್ಡ್ ಫಾರ್ಮ್ಯಾಟಿಗೆ (ಇತ್ತೀಚಿನ ಕಾರ್ಡು ಮಾತ್ರ ಬಿಡೋ ಆಟದ ಬಗೆ) ಯಾವ ಅಕ್ಷರ ನಡೆಯುತ್ತೆ ಅನ್ನೋದು ಬದಲಾಗ್ತಾ ಇರುತ್ತೆ, ದುಡ್ಡು ಹಾಕೋ ಮುಂಚೆ ಅದನ್ನ ನೋಡ್ಕೊಳ್ಳಿ.

ದುಡ್ಡು ಹಾಕೋ ಮುಂಚೆ ಅಂದ್ನಲ್ಲ, ಅದಕ್ಕೂ ಮುಂಚೆ ಜೆರಾಕ್ಸ್. ಲಿಸ್ಟಲ್ಲಿರೋ ಕಾರ್ಡೆಲ್ಲ ಪೇಪರಲ್ಲಿ ಪ್ರಿಂಟ್ ಮಾಡ್ಸಿ, ಕತ್ತರಿಸಿ, ಹಳೆ ಕಾರ್ಡಿನ ಮೇಲಿಟ್ಟು ಸ್ಲೀವಿಗೆ (ಕಾರ್ಡಿನ ಪ್ಲಾಸ್ಟಿಕ್ ಕವರ್) ಹಾಕಿ. ಟೂರ್ನಮೆಂಟಲ್ಲಿ ಇದು ನಡೆಯಲ್ಲ, ಮನೇಲಿ ಪ್ರಾಕ್ಟೀಸಿಗೆ ಬಂಗಾರ. ನಿಮ್ಮದೊಂದು ಡೆಕ್, ಈಗ ಜಾಸ್ತಿ ಗೆಲ್ತಿರೋ ಬೇರೆ ಎರಡು ಡೆಕ್ ಹಿಂಗೆ ಮಾಡ್ಕೊಳ್ಳಿ, ಫ್ರೆಂಡ್ ಜೊತೆ ಎರಡೂ ಕಡೆಯಿಂದ ಆಡಿ. ನಮ್ಮ ಕಡೆ ಆಡೋರು ಸಿಗೋದು ಕಷ್ಟ, ಫೋನಲ್ಲಿ ಇದೇ ಆಟದ ಆ್ಯಪ್ ಪೋಕೆಮಾನ್ ಟಿಸಿಜಿ ಲೈವ್ ಫ್ರೀ ಇದೆ, ಅದೂ ಒಳ್ಳೇದೇ, ಆದ್ರೆ ಮಳೆಗಾಲದಲ್ಲಿ ಊರಿಗೆ ಹೋದ್ರೆ ಕರೆಂಟೂ ಇಲ್ಲ ನೆಟ್‌ವರ್ಕೂ ಇಲ್ಲ, ಆಗ ಜಗಲಿ ಮೇಲೆ ಕೂತು ಒಬ್ರೇ ಮಾಡೋ ಅಭ್ಯಾಸ ಇದು: ಶಫಲ್ ಮಾಡಿ, 7 ತೆಗೀರಿ, ಪ್ರೈಜ್ ಇಡಿ, ಎರಡು ಟರ್ನ್ ಆಡಿ, ಅಂದ್ಕೊಂಡಿದ್ದು ಆಯ್ತಾ ಇಲ್ವಾ ಅಂತ ನೋಟ್‌ಬುಕ್ಕಲ್ಲಿ ಗುರುತು ಹಾಕಿ, ಆಗ್ಲಿಲ್ಲ ಅಂದ್ರೆ ಯಾವ ಕಾರ್ಡಿಗೆ ಕಾಯ್ತಾ ಇದ್ರಿ ಅಂತ ಬರೀರಿ. ಒಂದು ಮಧ್ಯಾಹ್ನ ಹಿಂಗೆ ಮಾಡಿದ್ರೆ ಯಾವುದು ಕಮ್ಮಿ ಇದೆ ಅಂತ ಕಾಣುತ್ತೆ.

ಲಿಸ್ಟ್ ಗಟ್ಟಿ ಆದ್ಮೇಲೆ ಬೇಕಾದ ಕಾರ್ಡ್ ಬಿಡಿಬಿಡಿಯಾಗಿ ಕೊಳ್ಳಿ, ಪ್ಯಾಕ್ ಒಡೀತಾ ಕೂತ್ರೆ ನಾಲ್ಕು ಒಂದೇ ಕಾರ್ಡ್ ಸಿಗೋ ಹೊತ್ತಿಗೆ ಜೇಬು ಖಾಲಿ. ಹೊಳೆಯೋ ದುಬಾರಿ ಪ್ರಿಂಟೂ ಸಾದಾ ಪ್ರಿಂಟೂ ಆಟದಲ್ಲಿ ಒಂದೇ. ಜಾತ್ರೆಲಿ, ಫ್ಯಾನ್ಸಿ ಅಂಗಡೀಲಿ ಸಿಗೋ ಪೂರ್ತಿ ಬಂಗಾರದ ಬಣ್ಣದ ಪ್ಲಾಸ್ಟಿಕ್ ಕಾರ್ಡ್ ಮುಟ್ಬೇಡಿ, ನಕಲಿ ಅವು.

ಕೊನೆಗೆ ಬೆಂಗಳೂರಿನವರಿಗೆ ಅಷ್ಟಾಗಿ ಇಲ್ಲದ ತಲೆನೋವು ಒಂದು ನಮಗಿದೆ, ತೇವ. ಹೊಳೆಯೋ ಕಾರ್ಡಲ್ಲಿ ಒಂದು ಕಡೆ ಫಾಯಿಲ್ ಪದರ, ಇನ್ನೊಂದು ಕಡೆ ಪೇಪರ್, ಪೇಪರ್ ತೇವ ಹೀರಿ ಹಿಗ್ಗುತ್ತೆ ಫಾಯಿಲ್ ಹಿಗ್ಗಲ್ಲ, ಕಾರ್ಡ್ ಬಾಗುತ್ತೆ. ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಇದು ಗ್ಯಾರಂಟಿ. ಬಾಗಿದ ಕಾರ್ಡ್ ಡೆಕ್ಕಲ್ಲಿ ಹಿಂದಿನಿಂದ್ಲೇ ಗುರುತು ಸಿಗುತ್ತೆ, ಜಡ್ಜ್ ಅದನ್ನ ಗುರುತಾದ ಕಾರ್ಡ್ ಅಂತ ಹಿಡಿದ್ರೆ ಪೆನಾಲ್ಟಿ ಬೀಳುತ್ತೆ, ನೀವು ಬೇಕಂತ ಮಾಡಿಲ್ಲ ಅಂದ್ರೂ. ಹಂಗಾಗಿ ಡೆಕ್ಕಿಗೆ ಆದಷ್ಟು ಸಾದಾ ಪ್ರಿಂಟೇ ಹಾಕಿ, ಗಾಳಿ ಆಡದ ಡಬ್ಬಿಲಿ ಸಿಲಿಕಾ ಜೆಲ್ ಪೊಟ್ಟಣ ಇಟ್ಟು ಅದ್ರಲ್ಲಿಡಿ. ಸ್ಲೀವ್ 63 ಗುಣಿಸು 88 ಮಿಲಿಮೀಟರ್ ಕಾರ್ಡಿಗೆ ಆಗೋ ಸೈಜು, 60ಕ್ಕೂ ಒಂದೇ ಬ್ರ್ಯಾಂಡು ಒಂದೇ ಬಣ್ಣ, ಟೂರ್ನಮೆಂಟಿಗೆ ಹೊರಡೋ ಮುಂಚೆ ಎಲ್ಲಾ ಒಟ್ಟಿಗೆ ಹೊಸದು ಹಾಕಿ, ಅದೇ ಪ್ಯಾಕಿಂದು ನಾಲ್ಕೈದು ಎಕ್ಸ್ಟ್ರಾ ಬ್ಯಾಗಲ್ಲಿರ್ಲಿ, ಆಡ್ತಾ ಒಂದು ಹರಿದ್ರೆ ಬೇಕಾಗುತ್ತೆ.