ಮೊದಲು ಬಿರುಗಾಳಿ ಎಬ್ಬಿಸಿ, ಮಾತು ಆಮೇಲೆ

ಪ್ರಶ್ನೆ: ನಾಲ್ಕು, ಐದನೇ ಕ್ಲಾಸಿನವರಿಗೆ ಶೇಕ್ಸ್‌ಪಿಯರ್‌ನ ‘ಟೆಂಪೆಸ್ಟ್’ ಕಲಿಸುವ ಆಸೆ. ಎಷ್ಟು ಉರು ಹೊಡೆಸಿದರೂ ಮಾತು ಮರೆಯುತ್ತಾರೆ. ಏನು ಮಾಡಲಿ?
– ಶಿಕ್ಷಕಿ, ಹೊಸದುರ್ಗ ತಾಲ್ಲೂಕು

ಮೇಡಂ, ಸ್ಕೂಲ್ ಡೇ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಬರುತ್ತದೆ. ಬೇಜಾರಾಗುತ್ತದೆ. ಯಾರು, ಯಾರಿಗೆ, ಯಾಕೆ ಹೇಳುತ್ತಿದ್ದಾರೆ ಅಂತಲೇ ಗೊತ್ತಿಲ್ಲದ ಮಾತು ಯಾರಿಗೆ ತಾನೇ ನೆನಪಿರುತ್ತದೆ?

ಪುಸ್ತಕ ಮುಚ್ಚಿಡಿ. ನಾಟಕ ಶುರುವಾಗುವುದೇ ಬಿರುಗಾಳಿಗೆ ಸಿಕ್ಕ ಹಡಗಿನಲ್ಲಿ. ಬೆಂಚು ಸರಿಸಿ, ನೆಲದ ಮೇಲೆ ಚಾಕ್‌ಪೀಸಿನಲ್ಲಿ ಹಡಗು ಬರೆಯಿರಿ. ಅರ್ಧ ಮಕ್ಕಳು ಒಳಗೆ. ಉಳಿದವರು ಹೊರಗೆ ಗಾಳಿ, ಅಲೆ. ಊಟದ ತಟ್ಟೆ, ಹಳೇ ಸೀರೆ ಸಾಕು. ಸಮುದ್ರ ನೋಡಿಲ್ಲ ಅಂತೀರಾ? 2022ರಲ್ಲಿ ವಾಣಿವಿಲಾಸ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತಲ್ವಾ, ಆ ನೀರಿನ ಸದ್ದು ಹೇಗಿತ್ತು ಅಂತ ಮನೆಯಲ್ಲಿ ಕೇಳಿಕೊಂಡು ಬರಲಿ.

ಹಡಗಿನಲ್ಲಿ ರಾಜನ ಕಡೆಯವರು ಅಡ್ಡ ಬರುತ್ತಾರೆ. ಈ ಅಲೆಗಳಿಗೆ ರಾಜನ ಹೆಸರು ಕಟ್ಟಿಕೊಂಡು ಏನಾಗಬೇಕು ಅಂತ ನಾವಿಕ ಗದರುತ್ತಾನೆ. ಈ ಮಾತನ್ನು ಹೇಳಿಕೊಡಬೇಡಿ. ‘ರಾಜ ಅಡ್ಡ ನಿಂತಿದ್ದಾನೆ, ಏನಂತೀಯ?’ ಅಂತ ಕೇಳಿ, ಸುಮ್ನಿರಿ. ಒಮ್ಮೆ ನಾನು ಕೇಳಿದಾಗ, ವಾರವಿಡೀ ಬಾಯಿ ಬಿಡದಿದ್ದ ಹುಡುಗಿ ಸೀರೆಯ ತುದಿ ಎರಡೂ ಕೈಯಲ್ಲಿ ಎಳೆಯುತ್ತಾ, ‘ಸ್ವಾಮೀ, ಮೊದ್ಲು ಹಗ್ಗ ಹಿಡ್ಕಳಿ, ಆಮೇಲೆ ರಾಜ ಆಗೀರಂತೆ’ ಅಂದಳು. ನನಗೆ ಮೈ ಜುಂ ಅಂತು. ಆಮೇಲೆ ನಾಟಕದ ಮಾತು ಓದಿದೆ. ಯಾರೂ ಮರೆಯಲಿಲ್ಲ.

ಐದೂ ಅಂಕಕ್ಕೆ ಕೈ ಹಾಕಬೇಡಿ. ಹಡಗು, ದ್ವೀಪದ ಮಾಂತ್ರಿಕನ ಸೇವೆಗೆ ಸಿಕ್ಕ ಗಾಳಿಯ ಭೂತ ಏರಿಯಲ್ ಬಿಡುಗಡೆ ಕೇಳುವುದು, ಅದೇ ಮಾಂತ್ರಿಕ ಆಳಾಗಿಸಿಕೊಂಡ ದ್ವೀಪವಾಸಿ ಕ್ಯಾಲಿಬನ್ ‘ಈ ದ್ವೀಪ ನಂದು’ ಅನ್ನುವುದು, ಇಷ್ಟೇ ಸಾಕು. ಇನ್ನೊಂದು, ದಯವಿಟ್ಟು ಕ್ಯಾಲಿಬನ್ ಪಾತ್ರವನ್ನು ಕಪ್ಪಗಿರುವ ಮಗುವಿಗೆ ಅಂಟಿಸಬೇಡಿ. ಆ ಹೆಸರು ಆಟದ ಬಯಲಿಗೂ ಹಿಂಬಾಲಿಸುವುದನ್ನು ಕಂಡಿದ್ದೇನೆ. ಎಲ್ಲರೂ ಸರದಿಯಲ್ಲಿ ಆಡಲಿ.

ಇದೇ ನಾಟಕದ ಕನ್ನಡ ರೂಪಗಳಾದ ಕುವೆಂಪು ಅವರ ‘ಬಿರುಗಾಳಿ’, ವೈದೇಹಿ ಅವರ ‘ಧಾಂ ಧೂಂ ಸುಂಟರಗಾಳಿ’ ನೀವು ಓದಿಕೊಳ್ಳಿ. ಸಾಣೇಹಳ್ಳಿ ನಿಮ್ಮ ತಾಲ್ಲೂಕಿನಲ್ಲೇ ಇದೆ. ನಾಟಕೋತ್ಸವಕ್ಕೆ ಮಕ್ಕಳನ್ನು ಒಂದು ಸಂಜೆಯಾದರೂ ಕರೆದುಕೊಂಡು ಹೋಗಿ.

ಪ್ರಶ್ನೆ: ಹತ್ತು ದಿನದ ಶಿಬಿರದಲ್ಲಿ ಸ್ಟೇಜ್ ಫಿಯರ್ ಪೂರ್ತಿ ಹೋಗುತ್ತದಂತೆ, ನಿಜವಾ?
– ಪೋಷಕರು, ದಾವಣಗೆರೆ

ಸುಳ್ಳು. ಗ್ಯಾರಂಟಿ ಕೊಡುವವರಿಗೆ ದುಡ್ಡು ಕಟ್ಟಬೇಡಿ. ಹೆದರಿದ ಮಗುವನ್ನು ಒಂಟಿಯಾಗಿ ಮೈಕ್ ಮುಂದೆ ನಿಲ್ಲಿಸುವುದು ಹಿಂಸೆ. ಅಲೆ ಮಾಡುವ ಗುಂಪಿನಲ್ಲಿ ಬಿಡಿ, ತಾನಾಗೇ ಮುಂದೆ ಬರುತ್ತದೆ.

ಪ್ರಶ್ನೆ: ದನಿ ದೊಡ್ಡದಾಗಲು ಬೆಳಿಗ್ಗೆ ಕಿರುಚಿಸಬೇಕಂತೆ?
– ಚಳ್ಳಕೆರೆ

ಬೇಡವೇ ಬೇಡ. ಗಂಟಲು ಕಟ್ಟುತ್ತದೆ.

ಪ್ರಶ್ನೆ: ರಾಜನ ಡ್ರೆಸ್ ಬಾಡಿಗೆಗೆ ಎಲ್ಲಿ ಸಿಗುತ್ತದೆ?
– ಹರಿಹರ

ಬೇಕಿಲ್ಲ. ಹೆಗಲಿಗೆ ಒಂದು ಟವೆಲ್ ಹಾಕಿ.