ಹೋದ ಹಕ್ಕಿಯ ತಾರೀಕು ಬರೆಯುವ ಬಗೆ

ಓದುಗರ ಪತ್ರದ ಸಾರ: “ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಕಂಡ ವಲಸೆ ಹಕ್ಕಿಗಳ ಬಗ್ಗೆ ಬರೆದು ಕಳಿಸಿ ಎಂದು ಕೇಳಿದ್ದಿರಿ. ಪೆರ್ಲದ ನಮ್ಮ ಅಡಿಕೆ ತೋಟದಿಂದ ಐದು ವರದಿ ಕಳಿಸಿದ್ದೆ: ಕೋಗಿಲೆ ಬಂದದ್ದು, ತಲೆ ಬಂಗಾರ ಬಣ್ಣದ ಹೊಸ ಕೊಕ್ಕರೆ, ಕಳ್ಳಿಪೀರ ಹೋದದ್ದು, ಏಪ್ರಿಲ್ 12ರಂದು ಚಾತಕ, ಬಿಸುವಿನವರೆಗೂ (ಏಪ್ರಿಲ್ 14) ಇದ್ದ ನವರಂಗ. ಅಚ್ಚಾದದ್ದು ನವರಂಗ ಮಾತ್ರ, ಅದೂ ಒಂದೇ ಸಾಲು. ದೊಡ್ಡ ಕ್ಯಾಮೆರಾ ಹಿಡಿದು ಅಳಿವೆ ಬದಿಗೆ ಹೋಗುವವರ ವರದಿಗೆ ಮಾತ್ರ ಬೆಲೆಯೇ? ಹಾಗಿಲ್ಲವಾದರೆ ಹೇಗೆ ಬರೆಯಬೇಕೆಂದು ತಿಳಿಸಿ.”

ಸಂಪಾದಕರ ಉತ್ತರ:

ಮಾನ್ಯರೇ,

ಕ್ಯಾಮೆರಾ ಇಲ್ಲದ್ದು ಕಾರಣವಲ್ಲ. ನಿಮ್ಮ ಐದು ವರದಿಗಳಲ್ಲಿ ನಮಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡದ್ದು ನವರಂಗದ್ದೇ. ಅದು ಒಂದು ಸಾಲಿಗಿಂತ ಹೆಚ್ಚಾಗದೆ ಉಳಿದದ್ದೇಕೆ ಎಂಬುದನ್ನು ಹೇಳಿದರೆ ಉಳಿದ ಪ್ರಶ್ನೆಗಳಿಗೂ ಅರ್ಧ ಉತ್ತರ ಸಿಕ್ಕಂತೆ.

ಚಳಿಗಾಲದ ಅತಿಥಿಗಳು ಬರುವಾಗ ಸುದ್ದಿ ಮಾಡುತ್ತವೆ. ಅಕ್ಟೋಬರಿನಲ್ಲಿ ತೋಟದೊಳಗೆ ನವರಂಗ ಮೊದಲ ಸಲ ಕೂಗಿದ ದಿನ ಯಾರಿಗೂ ಗೊತ್ತಾಗುತ್ತದೆ. ಹೊರಡುವಾಗ ಹಾಗಲ್ಲ. ಸಣ್ಣ ಹಕ್ಕಿಗಳಲ್ಲಿ ಹೆಚ್ಚಿನವು ರಾತ್ರಿ ಹೊತ್ತು ಹಾರುತ್ತವೆ. ಇವತ್ತು ಸಂಜೆ ತರಗೆಲೆ ಕೆದಕುತ್ತಿದ್ದ ನವರಂಗ ನಾಳೆ ಬೆಳಗ್ಗೆ ಇರುವುದಿಲ್ಲ, ಇಲ್ಲವೆಂಬುದು ನಮ್ಮ ಗಮನಕ್ಕೆ ಬರುವುದು ಹತ್ತು ದಿನ ಕಳೆದ ಮೇಲೆ. ಆದ್ದರಿಂದ ವಸಂತದ ವರದಿಯಲ್ಲಿ “ಏಪ್ರಿಲ್ 14ರವರೆಗೆ ಇತ್ತು” ಎಂಬ ವಾಕ್ಯ ಅರ್ಧ ಮಾತ್ರ. ಏಪ್ರಿಲ್ 14ರ ನಂತರ ನೀವು ಯಾವ ಯಾವ ದಿನ ಅದೇ ಜಾಗಕ್ಕೆ ಹೋಗಿ ನೋಡಿದಿರಿ, ಎಷ್ಟು ಹೊತ್ತು ನೋಡಿದಿರಿ, ಕಾಣಲಿಲ್ಲವೇ ಎಂಬುದು ಇನ್ನರ್ಧ. ಆ ಇನ್ನರ್ಧ ನಿಮ್ಮ ಕಾಗದದಲ್ಲಿ ಇರಲಿಲ್ಲ.

ಲೆಕ್ಕ ಹಾಕಿ ನೋಡೋಣ. 14ರಂದು ಕಂಡು, ಮುಂದಿನ ಸಲ ನೋಡಿದ್ದು 30ಕ್ಕೆ, ಆಗ ಇರಲಿಲ್ಲ ಎಂದಿಟ್ಟುಕೊಳ್ಳಿ. ಹಕ್ಕಿ ಹೊರಟದ್ದು ಆ ಹದಿನಾರು ದಿನಗಳೊಳಗೆ ಯಾವಾಗಲೋ. 15, 16, 18, 20ರಂದೂ ಹೋಗಿ ನೋಡಿ “ಇಲ್ಲ” ಎಂದು ಬರೆದಿದ್ದರೆ ಅಂತರ ಕಿರಿದಾಗುತ್ತದೆ. ಆದರೆ ಎರಡು ದಿನ ಕಾಣಲಿಲ್ಲವೆಂದು “ಹೋಯಿತು” ಎಂದು ಷರಾ ಬರೆಯುವಂತಿಲ್ಲ. ನವರಂಗ ನೆಲದ ಹಕ್ಕಿ, ನೆರಳಿನ ಹಕ್ಕಿ. ತೋಟದಲ್ಲಿ ಇದ್ದರೂ ಪ್ರತಿ ನಡಿಗೆಯಲ್ಲೂ ಸಿಗುವುದಿಲ್ಲ. ಮೂರು ನಡಿಗೆಗೆ ಒಂದು ಸಲ ಸಿಗುತ್ತಿತ್ತು ಎಂದುಕೊಂಡರೆ, ಅದು ಅಲ್ಲೇ ಇದ್ದೂ ಎರಡು ನಡಿಗೆಯಲ್ಲಿ ಕಾಣದಿರುವ ಸಾಧ್ಯತೆ ನೂರಕ್ಕೆ 44. ಸಾಲಾಗಿ ಏಳು ನಡಿಗೆಯಲ್ಲೂ ಕಾಣದಿರುವ ಸಾಧ್ಯತೆ ನೂರಕ್ಕೆ ಆರರೊಳಗೆ ಇಳಿಯುತ್ತದೆ. ಹೀಗಾಗಿ ಅಪರೂಪಕ್ಕೆ ಕಾಣುವ ಹಕ್ಕಿಗೆ ಹೆಚ್ಚು “ಇಲ್ಲ”ಗಳು ಬೇಕು. ತಂತಿಯ ಮೇಲೆ ಸಾಲಾಗಿ ಕೂರುವ ಕವಲುತೋಕೆಗಾದರೆ ಎರಡು ಮೂರು ಸಾಕು.

ಇದು ಅಳಿವೆಗೆ ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗಿ ಬರುವವರಿಂದ ಆಗುವ ಕೆಲಸವಲ್ಲ. ನಮಗೆ ಬಂದ ವರದಿಗಳಲ್ಲಿ “ಕೊನೆಯ ಸಲ ಕಂಡದ್ದು” ಎಂಬ ತಾರೀಕುಗಳು ಹೆಚ್ಚಾಗಿ ಭಾನುವಾರಕ್ಕೋ ಬಿಸು ರಜೆಗೋ ಬಂದು ನಿಲ್ಲುತ್ತವೆ. ಹಕ್ಕಿಗೆ ಭಾನುವಾರವಿಲ್ಲ, ಆ ತಾರೀಕುಗಳು ನೋಡುವವರ ಬಿಡುವನ್ನು ಹೇಳುತ್ತವೆ. ನೀವಾದರೋ ಬೇಸಿಗೆಯುದ್ದಕ್ಕೂ ಬೆಳಗ್ಗೆ ಸ್ಪ್ರಿಂಕ್ಲರಿನ ಗೇಟ್‌ವಾಲ್ವ್ ತಿರುಗಿಸಲು ಅದೇ ದಾರಿಯಲ್ಲಿ ಹೋಗುವವರು. ಮಾರ್ಚ್ ಬಂದರೆ ಪದವಿನ (ಗುಡ್ಡದ ಮೇಲಣ ಬಯಲಿನ) ಮೇಲೆ ಮುಳಿಹುಲ್ಲು ಒಣಗಿ ಮುರಕಲ್ಲು ಕಾದಿರುತ್ತದೆ. ನೀರು ಬೀಳುವ ತೋಟದ ತಳದಲ್ಲಿ, ತೋಡಿಗೆ ಅಡ್ಡ ಹಾಕಿದ ಕಟ್ಟದ (ಒಡ್ಡಿನ) ಹಿನ್ನೀರಿನ ಬದಿಯಲ್ಲಿ ಮಾತ್ರ ಎರೆಹುಳ, ಗೆದ್ದಲು, ಜೀರುಂಡೆ ಸಿಗುತ್ತವೆ. ನವರಂಗ ಹಾಗೂ ಬಾಲವನ್ನು ಮೇಲೆ ಕೆಳಗೆ ಕುಣಿಸದೆ ಹಿಂಭಾಗವನ್ನೇ ಅಡ್ಡಡ್ಡ ತೂಗುವ ಕಾಡು ಸಿಪಿಲೆ ಹೊರಡುವ ಮೊದಲು ಮೈಯಲ್ಲಿ ಕೊಬ್ಬು ತುಂಬಿಕೊಳ್ಳುವುದು ಇಂಥಲ್ಲೇ. ನವರಂಗ ಹಿಮಾಲಯದ ತಪ್ಪಲಿಗೋ ಮಧ್ಯ ಭಾರತಕ್ಕೋ, ಸಿಪಿಲೆ ಪೂರ್ವ ಏಷ್ಯಾಕ್ಕೆ ಮರಳಬೇಕು. ಅವುಗಳ ನಿರ್ಗಮನವನ್ನು ನಿಮ್ಮಷ್ಟು ಚೆನ್ನಾಗಿ ದಾಖಲಿಸುವ ಅವಕಾಶ ಬೇರೆ ಯಾರಿಗೂ ಇಲ್ಲ.

ಇನ್ನೊಂದು ಕಾರಣವೂ ಇದೆ. 2015ರಿಂದ 2020ರವರೆಗೆ ಸಾವಿರಕ್ಕೂ ಹೆಚ್ಚು ಸ್ವಯಂಸೇವಕರು ಸೇರಿ ಮಾಡಿದ ಕೇರಳ ಬರ್ಡ್ ಅಟ್ಲಾಸ್ ನಮ್ಮ ಕಾಸರಗೋಡು ಜಿಲ್ಲೆಯನ್ನೂ ಒಳಗೊಂಡಿತ್ತು. ಸುಮಾರು 25,000 ಪಟ್ಟಿಗಳು, 361 ಜಾತಿಗಳು. ಒಂದು ರಾಜ್ಯದ ಮಟ್ಟಿಗೆ ಅದು ಬಹಳ ದೊಡ್ಡ ಕೆಲಸ. ಆದರೆ ಅದರ ಸಮೀಕ್ಷೆ ನಡೆದದ್ದು ಜನವರಿ–ಮಾರ್ಚ್ ಹಾಗೂ ಜುಲೈ–ಸೆಪ್ಟೆಂಬರ್ ಅವಧಿಗಳಲ್ಲಿ. ಯಾವ ಹಕ್ಕಿ ಎಲ್ಲಿದೆ ಎಂಬುದಕ್ಕೆ ಅದು ಉತ್ತರ ಕೊಡುತ್ತದೆ, ಯಾವಾಗ ಹೊರಟಿತು ಎಂಬುದಕ್ಕೆ ಕೊಡುವುದಿಲ್ಲ, ಅದರ ಉದ್ದೇಶವೂ ಅದಲ್ಲ. ಏಪ್ರಿಲ್ ತಿಂಗಳ ಆ ಜಾಗ ಊರವರ ಪುಸ್ತಕಗಳಿಂದಲೇ ತುಂಬಬೇಕು.

ಈಗ ಹಾಕದೆ ಬಿಟ್ಟ ನಾಲ್ಕು ವರದಿಗಳು. ಕೋಗಿಲೆ ನಮ್ಮಲ್ಲಿಗೆ ಬರುವುದಿಲ್ಲ, ವರ್ಷವಿಡೀ ಇಲ್ಲೇ ಇರುತ್ತದೆ. ಮಾರ್ಚಿನ ಹೊತ್ತಿಗೆ ಗಂಡು ಜೋರಾಗಿ ಕೂಗತೊಡಗುವುದರಿಂದ ಬಂತೆಂದು ತೋರುತ್ತದೆ. ಅದನ್ನು “ಮೊದಲ ಕೂಗು” ಎಂದು ಬರೆದರೆ ನಾವು ಖಂಡಿತ ಹಾಕುತ್ತೇವೆ. ಬಂಗಾರ ಬಣ್ಣದ ತಲೆಯ ಕೊಕ್ಕರೆ ಗೋವಕ್ಕಿಯೇ. ಮರಿ ಮಾಡುವ ಕಾಲಕ್ಕೆ ಅದರ ತಲೆ, ಕುತ್ತಿಗೆ, ಬೆನ್ನಿಗೆ ಕಿತ್ತಳೆ ಬಣ್ಣ ಬರುತ್ತದೆ. ಇದೇ ಹೊತ್ತಿಗೆ ಗದ್ದೆಯ ಕೊಳದ ಬಕಕ್ಕೂ ಬೆನ್ನು ಕಡುಗೆಂಪಾಗುತ್ತದೆ, ಮುಂದಿನ ವರ್ಷ ಅದನ್ನು ಕಂಡು ಹೊಸದೆಂದು ಭಾವಿಸಬೇಡಿ.

ಕಳ್ಳಿಪೀರದ ವರದಿ ಬಿಟ್ಟದ್ದು ಯಾವ ಕಳ್ಳಿಪೀರ ಎಂದು ಬರೆಯದ ಕಾರಣಕ್ಕೆ. ತಲೆ ಇಟ್ಟಿಗೆ ಕೆಂಪಾಗಿರುವ ಕೆಂದಲೆ ಕಳ್ಳಿಪೀರ ಇಲ್ಲಿನದೇ, ಗೂಡಿಗಾಗಿ ಬರೆಗಳಲ್ಲಿ ಬಿಲ ತೋಡುತ್ತದೆ. ಸಣ್ಣ ಕಳ್ಳಿಪೀರವೂ ಇಲ್ಲಿನದೇ. ಚಳಿಗಾಲಕ್ಕೆ ಬಂದು ಹೋಗುವುದು ನೀಲಿಬಾಲದ ಕಳ್ಳಿಪೀರ. ಅದು ದೊಡ್ಡದು, ಎತ್ತರದ ವಿದ್ಯುತ್ ತಂತಿಗಳಲ್ಲಿ ಗುಂಪಾಗಿ ಕೂರುತ್ತದೆ, ಹಾರುವಾಗ ಸೊಂಟ ಮತ್ತು ಬಾಲದ ನೀಲಿ ಎದ್ದು ಕಾಣುತ್ತದೆ. ಇವು ಬಹಳ ದೂರ ಹೋಗಬೇಕೆಂದೂ ಇಲ್ಲ. ಶ್ರೀರಂಗಪಟ್ಟಣದ ಸುತ್ತ ಕಾವೇರಿ ದಂಡೆಯ ಮಣ್ಣಿನಲ್ಲಿ ಬಿಲ ತೋಡಿ ಗೂಡು ಮಾಡುವ ದೊಡ್ಡ ಗುಂಪುಗಳಿವೆ. ಬಾಲದ ಬಣ್ಣ ನೆನಪಿದ್ದರೆ ತಿಳಿಸಿ, ವರದಿಯನ್ನು ಸೇರಿಸಿಕೊಳ್ಳುತ್ತೇವೆ.

ಚಾತಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಆಫ್ರಿಕಾದಿಂದ ಮುಂಗಾರಿನೊಂದಿಗೆ ಬರುವ ಹಕ್ಕಿಯೆಂದು ಎಲ್ಲರಿಗೂ ಗೊತ್ತು. ಅದು ಒಂದು ಉಪಜಾತಿ. ತುಸು ಚಿಕ್ಕದಾದ ಇನ್ನೊಂದು ಉಪಜಾತಿ ದಕ್ಷಿಣ ಭಾರತ ಮತ್ತು ಶ್ರೀಲಂಕಾದಲ್ಲಿ ವರ್ಷವಿಡೀ ನೆಲೆಸಿದೆ. ಕಣ್ಣಳತೆಯಲ್ಲಿ ಎರಡನ್ನೂ ಬೇರ್ಪಡಿಸುವುದು ಆಗದ ಕೆಲಸ. ಅದರ ಮೇಲೆ, ಚಾತಕದಂತೆಯೇ ಜುಟ್ಟಿರುವ, ಮೇಲೆ ಕಪ್ಪಾಗಿ ಕೆಳಗೆ ಬಿಳಿಯಾಗಿ ಕಾಣುವ ಕೆಂಪು ರೆಕ್ಕೆಯ ಚಾತಕ ಚಳಿಗಾಲ ಕಳೆದು ಉತ್ತರಕ್ಕೆ ಮರಳುವುದೂ ಈ ತಿಂಗಳುಗಳಲ್ಲೇ. ನೀವು ನೋಡಬೇಕಾದದ್ದು ರೆಕ್ಕೆ. ಕಪ್ಪು ರೆಕ್ಕೆಯಲ್ಲಿ ಬಿಳಿ ಪಟ್ಟೆ ಇದ್ದರೆ ಚಾತಕ. ರೆಕ್ಕೆಯೇ ಕಂದುಗೆಂಪಾಗಿ, ಗಂಟಲು ಕೇಸರಿಯಾಗಿದ್ದರೆ ಇನ್ನೊಂದು. ಏಪ್ರಿಲ್ 12ರ ಹಕ್ಕಿ ಚಾತಕವೇ ಆಗಿದ್ದರೂ “ಬಂತು” ಎನ್ನುವ ಬದಲು “ಕಂಡಿತು” ಎಂದಷ್ಟೇ ಬರೆಯುವುದು ಸರಿ.

ಬರೆಯುವ ಕ್ರಮ ಕಷ್ಟದ್ದಲ್ಲ. ತೋಟದೊಳಗೆ ಒಂದು ದಾರಿ ಗೊತ್ತು ಮಾಡಿಕೊಳ್ಳಿ, ಪ್ರತಿ ಸಲ ಅದೇ ದಾರಿ ಇರಲಿ. ಬೆಳಗ್ಗೆ ಆರೂಕಾಲರಿಂದ ಏಳೂವರೆಯೊಳಗೆ ಕನಿಷ್ಠ 15 ನಿಮಿಷ, ವಾರಕ್ಕೆ ಎರಡು ಮೂರು ಸಲ. ಆರಂಭಿಸಿದ ಮತ್ತು ಮುಗಿಸಿದ ಗಂಟೆ, ನಡೆದ ದೂರ, ಮೋಡ, ಗಾಳಿ, ಹಿಂದಿನ ರಾತ್ರಿ ಮಳೆ ಬಂದಿತ್ತೇ, ಇಷ್ಟು ಮೊದಲು ಬರೆಯಿರಿ. ಆಮೇಲೆ ಆ ಹೊತ್ತಿನಲ್ಲಿ ಕಂಡ, ಕೇಳಿದ, ನಿಮಗೆ ಗುರುತಾದ ಎಲ್ಲ ಹಕ್ಕಿಗಳನ್ನೂ ಬರೆಯಿರಿ, ಕಾಗೆ ಗುಬ್ಬಿ ಬಿಡದೆ. ಇದು ಬಹಳ ಮುಖ್ಯ. ಎಲ್ಲವನ್ನೂ ಬರೆದ ಪಟ್ಟಿಯಲ್ಲಿ ನವರಂಗದ ಹೆಸರಿಲ್ಲದಿದ್ದರೆ ಅದು ಕಾಣಲಿಲ್ಲವೆಂದು ನಂಬಬಹುದು. ವಿಶೇಷವಾದುದನ್ನು ಮಾತ್ರ ಬರೆದ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಏನೂ ತಿಳಿಯುವುದಿಲ್ಲ. ಸಂಖ್ಯೆಯನ್ನು “ತುಂಬಾ” ಎನ್ನಬೇಡಿ. ಹನ್ನೆರಡೋ ಇಪ್ಪತ್ತೋ ಅಂದಾಜಾದರೂ ಬರೆಯಿರಿ. ಕೂಗು ಮಾತ್ರ ಕೇಳಿದ್ದರೆ “ಕೂಗು” ಎಂದು ಪಕ್ಕದಲ್ಲಿ ಗುರುತು ಹಾಕಿ. ನವರಂಗ ಕೂಗುವುದು ಹೆಚ್ಚಾಗಿ ಬೆಳಗು ಬೈಗಿನ ಮಸುಕಿನಲ್ಲಿ, ಎರಡು ಸ್ವರದ ಸಿಳ್ಳೆ. ಹಗಲು ಹತ್ತು ಗಂಟೆಗೆ ಮೌನವಿದೆಯೆಂದು ಹಕ್ಕಿ ಇಲ್ಲವೆನ್ನಲಾಗದು. “ಬಿಸುವಿನ ಮರುದಿನ”, “ಪಗ್ಗು ಹದಿನೆಂಟು” ಎಂದು ತುಳು ತಿಂಗಳ ಲೆಕ್ಕದಲ್ಲಿ ಬರೆಯುವವರು ಪಕ್ಕದಲ್ಲಿ ಇಂಗ್ಲಿಷ್ ತಾರೀಕನ್ನೂ ಹಾಕಬೇಕು.

ಮೊಬೈಲ್ ಇದ್ದರೆ ಇದೇ ಪಟ್ಟಿಯನ್ನು ಇ-ಬರ್ಡಿಗೂ ಹಾಕಬಹುದು. 2002ರಲ್ಲಿ ಅಮೆರಿಕದ ಕಾರ್ನೆಲ್ ಪಕ್ಷಿ ಪ್ರಯೋಗಾಲಯ ಮತ್ತು ಆಡುಬಾನ್ ಸಂಸ್ಥೆ ಆರಂಭಿಸಿದ ಈ ವ್ಯವಸ್ಥೆಯಲ್ಲಿ “ಕಂಡದ್ದೆಲ್ಲವನ್ನೂ ಬರೆದಿದ್ದೀರಾ” ಎಂಬ ಪ್ರಶ್ನೆಗೆ ಹೌದೆನ್ನಬೇಕು. ಕಾಲಕ್ಕೆ ಹೊಂದದ ಹಕ್ಕಿ ಬರೆದರೆ ಪರಿಶೀಲಕರು ವಿವರಣೆ ಕೇಳುತ್ತಾರೆ. ಅದನ್ನು ಅವಮಾನವೆಂದು ತಿಳಿಯದೆ ಕಂಡ ಗುರುತುಗಳನ್ನು ಬರೆದು ಕಳಿಸಿ.

ಫೋಟೋ ಬೇಕೆಂದಿಲ್ಲ, ಇದ್ದರೆ ಒಳ್ಳೆಯದು. ವಾಟ್ಸಾಪಿನಲ್ಲಿ ಸಾಮಾನ್ಯ ಫೋಟೋ ಆಗಿ ಕಳಿಸಿದರೆ ತೆಗೆದ ತಾರೀಕು ಅಳಿಸಿಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಕ್ಯಾಮೆರಾದ ಗಡಿಯಾರ ಸರಿಯಿದೆಯೇ ಎಂದೂ ನೋಡಿಕೊಳ್ಳಿ. ಎಲೆಗಳ ನಡುವೆ ಹರಿದಾಡುವ ಬೆರಳುದ್ದದ ಹಸಿರು ವಾರ್ಬ್ಲರುಗಳಿಗೆ ಫೋಟೋಕ್ಕಿಂತ ದನಿಯೇ ಹೆಚ್ಚು ಉಪಯೋಗ. ಮೊಬೈಲಿನ ರೆಕಾರ್ಡರನ್ನು ಅರ್ಧ ನಿಮಿಷ ಹಿಡಿದರೆ ಸಾಕು. ಗ್ರೀನಿಶ್ ವಾರ್ಬ್ಲರ್ ಹಾಗೂ ಗ್ರೀನ್ ವಾರ್ಬ್ಲರ್ ಎರಡೂ ನಮ್ಮಲ್ಲಿವೆ, ದನಿಯಿಲ್ಲದೆ ಅವನ್ನು ಬಿಡಿಸುವುದು ಬಲ್ಲವರಿಗೂ ಕಷ್ಟ. ಆದರೆ ರೆಕಾರ್ಡ್ ಮಾಡಿದ ಕೂಗನ್ನು ನುಡಿಸಿ ಹಕ್ಕಿಯನ್ನು ಹೊರಗೆ ಕರೆಯಬೇಡಿ. ದೂರ ಪಯಣಕ್ಕೆ ಕೊಬ್ಬು ಕೂಡಿಸುತ್ತಿರುವ ಹಕ್ಕಿಯ ಹೊತ್ತನ್ನು ನಾವು ಹಾಳುಮಾಡಬಾರದು.

ನವರಂಗ ಕಿಟಕಿ ಗಾಜಿಗೆ ಬಡಿದು ಬಿದ್ದರೆ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಗಾಳಿಗೆ ತೂತು ಮಾಡಿ, ಕತ್ತಲಲ್ಲಿ ಒಂದೆರಡು ಗಂಟೆ ಸುಮ್ಮನೆ ಇಡಿ. ಬಾಯಿಗೆ ನೀರು ಹಾಕಬೇಡಿ, ಶ್ವಾಸನಾಳಕ್ಕೆ ಹೋಗಿ ಸಾಯುತ್ತದೆ. ಚೇತರಿಸಿದರೆ ತೋಟದ ನೆರಳಿಗೆ ಬಿಡಿ, ಇಲ್ಲವಾದರೆ ಅರಣ್ಯ ಇಲಾಖೆಗೆ ತಿಳಿಸಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದನ್ನು ಇಟ್ಟುಕೊಳ್ಳುವಂತಿಲ್ಲ.

ಅಳಿವೆ ಬದಿಯವರಿಗೂ ಇದೇ ನಿಯಮ, ಜೊತೆಗೆ ಕೆಲವು ಮಾತು. ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಬಾಯಲ್ಲಿ ಎಣಿಸುವವರು ಬೆಳಗ್ಗೆಯೇ ಹೋಗಬೇಕು. ಆಗ ಸೂರ್ಯ ಬೆನ್ನ ಹಿಂದಿರುತ್ತಾನೆ. ಸಂಜೆ ಕಡಲ ಕಡೆ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪು. ಭರತದ ಹೊತ್ತಿಗೆ ಹಕ್ಕಿಗಳು ಉಳಿದ ಮರಳ ದಿಬ್ಬದಲ್ಲಿ ಒಟ್ಟಾಗುವುದರಿಂದ ಎಣಿಕೆ ಸುಲಭ. ಇಳಿತದಲ್ಲಿ ಚದುರಿ ಮೇಯುವಾಗ ಕಾಲು, ಕೊಕ್ಕು ನೋಡಲು ಅನುಕೂಲ. ಏಪ್ರಿಲ್ ಹೊತ್ತಿಗೆ ಸ್ಯಾಂಡ್ ಪ್ಲೋವರಿನ ಎದೆ ಕಾವಿ ಬಣ್ಣಕ್ಕೆ, ಕರ್ಲ್ಯೂ ಸ್ಯಾಂಡ್‌ಪೈಪರಿನ ಹೊಟ್ಟೆ ಇಟ್ಟಿಗೆ ಬಣ್ಣಕ್ಕೆ ತಿರುಗಿರುತ್ತದೆ. ನೂರರಲ್ಲಿ ಎಷ್ಟಕ್ಕೆ ಬಣ್ಣ ಬಂದಿದೆ ಎಂದು ಬರೆದರೆ ಹೊರಡುವ ಸಿದ್ಧತೆ ಎಷ್ಟಾಗಿದೆ ಎಂದು ತಿಳಿಯುತ್ತದೆ. ಹಳೆಯ ಪುಸ್ತಕಗಳ ಲೆಸ್ಸರ್ ಸ್ಯಾಂಡ್ ಪ್ಲೋವರನ್ನು ಇ-ಬರ್ಡ್ 2023ರಲ್ಲಿ ಟಿಬೆಟನ್, ಸೈಬೀರಿಯನ್ ಎಂದು ಎರಡಾಗಿ ಒಡೆದಿದೆ, ಪಟ್ಟಿಯಲ್ಲಿ ಹಳೆಯ ಹೆಸರು ಸಿಗದಿದ್ದರೆ ಗಾಬರಿಯಾಗಬೇಡಿ.

ಮೇ, ಜೂನಿನಲ್ಲೂ ಮಾಸಲು ಬಣ್ಣದ ಕೆಲವು ಗೊರವಗಳು ಅಳಿವೆಯಲ್ಲಿ ಉಳಿದಿರುತ್ತವೆ. ಅವು ತಡವಾಗಿ ಹೊರಟವಲ್ಲ. ಹೆಚ್ಚಿನವು ಮೊದಲ ವರ್ಷದ ಮರಿಗಳು, ಆ ವರ್ಷ ಉತ್ತರಕ್ಕೆ ಹೋಗದೆ ಇಲ್ಲೇ ಬೇಸಿಗೆ ಕಳೆಯುತ್ತವೆ. ಅವನ್ನು “ಕೊನೆಯ ತಾರೀಕು” ಎಂದು ಬರೆದರೆ ಇಡೀ ಲೆಕ್ಕ ತಪ್ಪುತ್ತದೆ, ಬೇರೆಯಾಗಿ ನಮೂದಿಸಿ. ಕಾಲಿಗೆ ಸಂಶೋಧಕರು ತೊಡಿಸಿದ ಬಣ್ಣದ ಪಟ್ಟಿ ಕಂಡರೆ ಯಾವ ಕಾಲು, ಮೇಲಿನ ಬಣ್ಣ ಯಾವುದು, ಕೆಳಗಿನದು ಯಾವುದು, ಅಕ್ಷರವೇನು ಎಂದು ಅಲ್ಲೇ ನಿಂತು ಬರೆದುಕೊಳ್ಳಿ. ಎಡ ಬಲ ಹಕ್ಕಿಯದ್ದು, ನೋಡುವವರದ್ದಲ್ಲ. ಒಂದೇ ಕಡಲಕ್ಕಿ ಗುಂಪನ್ನು ಮೂವರು ಮೂರು ವರದಿ ಮಾಡಿದರೆ ನಾವು ಒಂದೇ ಸಲ ಎಣಿಸುತ್ತೇವೆ, ಉಳಿದಿಬ್ಬರು ಬೇಸರಿಸಬಾರದು.

ನಿಮ್ಮ ವಿಷಯಕ್ಕೆ ಬಂದರೆ, ಏಪ್ರಿಲ್ 14ರಿಂದ ಇಂದಿನವರೆಗೆ ನೀವು ಗೇಟ್‌ವಾಲ್ವಿನ ದಾರಿಯಲ್ಲಿ ನಡೆದ ದಿನಗಳಲ್ಲಿ ನೆನಪು ಖಚಿತವಾಗಿರುವವನ್ನು ಮಾತ್ರ ಬರೆದು ಕಳಿಸಿ. ಅಂದಾಜಿನ ದಿನ ಬೇಡ. ಇವತ್ತಿನಿಂದ ಪತ್ತನಾಜೆಯವರೆಗೆ (ಮೇ 24ರ ಸುಮಾರಿಗೆ ಬರುವ ತುಳುನಾಡಿನ ಆಚರಣೆ) ಅದೇ ದಾರಿಯಲ್ಲಿ 15 ನಿಮಿಷದ ಪಟ್ಟಿ ಮುಂದುವರಿಸಿ. ನವರಂಗ ಹೋಗಿದ್ದರೂ ಬೂದು ಕಾಜಾಣ, ಕಂದು ಕಳಿಂಗ, ಎಲೆಗಳ ನಡುವಿನ ವಾರ್ಬ್ಲರುಗಳು ಇವೆಯೇ ಎಂದು ನೋಡಿ. ಜೂನ್ ಸಂಚಿಕೆಗೆ ಪಟ್ಟಿಗಳು ಮೇ 28ರೊಳಗೆ ತಲುಪಲಿ. ಹಕ್ಕಿ ಕಾಣದ ದಿನಗಳ ಪಟ್ಟಿಗಳನ್ನು ತೆಗೆದಿಡದೆ ಅವನ್ನೂ ಅದೇ ಲಕೋಟೆಯಲ್ಲಿ ಹಾಕಿ, ಅವೂ ಅಚ್ಚಾಗುತ್ತವೆ.

— ಸಂಪಾದಕ