ದೇವರ ಚಿತ್ತ ಹೇಗೂ ನಡೆಯುವುದಾದರೆ ಕ್ರೈಸ್ತರು ಬೇಡಿಕೊಳ್ಳುವುದು ಯಾಕೆ?

ದೇವರ ಚಿತ್ತಕ್ಕೆ ಎದುರು ನಿಂತು ಯಾರೂ ಗೆಲ್ಲಲಾರರು ಎನ್ನುವ ನೀವು ಮತ್ತೆ ಪ್ರಾರ್ಥನೆ ಯಾಕೆ ಮಾಡುತ್ತೀರಿ, ಇದೂ ಹಣೆಬರಹದ ಮಾತೇ ಅಲ್ಲವೇ ಎಂದು ಕೇಳಿದ್ದೀರಿ. ನಾನು ಹೊನ್ನಾವರ ಕಡೆಯ ಕ್ಯಾಥೊಲಿಕ್, ಮೀನುಗಾರರ ಮನೆಯವನು. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ಶರಾವತಿ ಸಮುದ್ರ ಸೇರುವ ಅಳಿವೆಯಲ್ಲಿ ಇಳಿತದ ಹೊತ್ತಿಗೆ ದೋಣಿ ಒಳಗೆ ತರುವುದು ಬಲು ಕಷ್ಟ. ಚಿಕ್ಕವನಿದ್ದಾಗ ಒಮ್ಮೆ ಅಪ್ಪನ ಜೊತೆ ದೋಣಿಯಲ್ಲಿದ್ದೆ. ದಡದ ಒಂದು ಗಾಳಿಮರ ಗುರುತಿಟ್ಟುಕೊಂಡು ಇಬ್ಬರೂ ಹುಟ್ಟು ಹಾಕಿದೆವು. ಎಷ್ಟು ಹೊತ್ತಾದರೂ ಗಾಳಿಮರ ಇದ್ದಲ್ಲೇ ಇತ್ತು. ನನ್ನ ಅಂಗೈ ಸುಲಿದುಹೋಯಿತು. ಅಪ್ಪ ಹುಟ್ಟು ಎತ್ತಿಟ್ಟ, ಲಂಗರು ಬಿಟ್ಟ, ಭರತ ಬರಲಿ ಎಂದು ಸುಮ್ಮನೆ ಕೂತ.

ಬೈಬಲಿನ ಪ್ರವಾದಿ ಯೋನನ ಕಥೆ ಎಂದರೆ ಎಲ್ಲರಿಗೂ ಅವನನ್ನು ನುಂಗಿದ ದೊಡ್ಡ ಮೀನು ನೆನಪಾಗುತ್ತದೆ. ನನಗೆ ಹಡಗಿನವರು. ನಿನೆವೆ ಊರಿಗೆ ಹೋಗಿ ಜನರನ್ನು ಎಚ್ಚರಿಸು ಎಂದು ದೇವರು ಹೇಳಿದರೆ ಯೋನ ಯೊಪ್ಪದಲ್ಲಿ ಹಣ ಕೊಟ್ಟು ತಾರ್ಷೀಷಿಗೆ ಹೊರಟ ಹಡಗು ಹತ್ತಿದ. ಬಿರುಗಾಳಿ ಎದ್ದಾಗ, ನನ್ನನ್ನು ಸಮುದ್ರಕ್ಕೆ ಎಸೆಯಿರಿ ಎಂದು ಅವನೇ ಹೇಳಿದರೂ ಆ ಜನಕ್ಕೆ ಮನಸ್ಸು ಬರಲಿಲ್ಲ. ದಡ ಮುಟ್ಟಿಸಲು ಜೀವ ಹಾಕಿ ಹುಟ್ಟು ಹಾಕಿದರು. ಆಗಲಿಲ್ಲ, ಸಮುದ್ರ ಇನ್ನಷ್ಟು ಕೆರಳಿತು. ಒಳ್ಳೆಯ ಮನಸ್ಸಿನವರ ಹುಟ್ಟೂ ಅಲ್ಲಿ ಸಾಗಲಿಲ್ಲ. ಆದರೆ ಯೋನ ತಪ್ಪಿಸಿಕೊಂಡು ಓಡಿದ್ದು ಯಾವುದರಿಂದ? ದೇವರು ಕನಿಕರವುಳ್ಳವನು, ಆ ಊರನ್ನು ಕ್ಷಮಿಸಿಬಿಡುತ್ತಾನೆ ಎಂದು ಗೊತ್ತಿದ್ದೇ ಓಡಿದೆ ಎಂದು ಅವನೇ ಕೊನೆಗೆ ಒಪ್ಪಿಕೊಳ್ಳುತ್ತಾನೆ. 1,20,000ಕ್ಕೂ ಹೆಚ್ಚು ಜನರಿದ್ದ ಊರು ಉಳಿದುಕೊಂಡಿತು. ಅವನ ಓಟ ಸೋತದ್ದು ದಯೆಯ ಕೈಯಲ್ಲಿ.

ಯೇಸುವಿನ ಶಿಷ್ಯರನ್ನು ಹಿಡಿಯಲು ಹೊರಟು ದಮಸ್ಕದ ದಾರಿಯಲ್ಲಿ ಬಿದ್ದ ಸೌಲನಿಗೂ (ಇವನೇ ಮುಂದೆ ಪೌಲ), ಮುಳ್ಳುಗೋಲನ್ನು ಒದೆಯುವುದು ನಿನಗೇ ಕಷ್ಟ ಎಂಬ ಮಾತು ಕೇಳಿಸಿತು. ಎತ್ತು ಒದ್ದರೆ ಕೋಲಿಗೆ ಏನೂ ಆಗುವುದಿಲ್ಲ.

ಇದು ಹಣೆಬರಹ ಎಂದು ನಾನು ಒಪ್ಪುವುದಿಲ್ಲ. ಕೋಳಿ ಮರಿಗಳನ್ನು ರೆಕ್ಕೆಯಡಿ ಸೇರಿಸಿಕೊಳ್ಳುವ ಹಾಗೆ ನಿನ್ನ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂದಿದ್ದೆ, ನಿಮಗೇ ಮನಸ್ಸಿರಲಿಲ್ಲ ಎಂದು ಯೇಸು ಯೆರೂಸಲೇಮಿಗಾಗಿ ಮರುಗಿದ್ದಾನೆ. ದೇವರ ಆಜ್ಞೆಯನ್ನು ನಾವು ಮೀರಬಹುದು, ದಿನವೂ ಮೀರುತ್ತೇವೆ. ಆತನ ಉದ್ದೇಶ ಮಾತ್ರ ತಪ್ಪುವುದಿಲ್ಲ. ತಮ್ಮ ಯೋಸೇಫನನ್ನು ದಾಸನಾಗಿ ಮಾರಿದ ಅಣ್ಣಂದಿರು ಬರಗಾಲದಲ್ಲಿ ಅವನ ಕೈಯಿಂದಲೇ ಧಾನ್ಯ ಪಡೆದರು. ಇದು ಹೇಗೆ ಕೂಡಿಬರುತ್ತದೆ ಎಂಬುದರಲ್ಲಿ ಕ್ಯಾಥೊಲಿಕ್ ಪಂಡಿತ ಅಕ್ವಿನಾಸ್‌ನ ದಾರಿಯವರಿಗೂ ಪ್ರಾಟೆಸ್ಟೆಂಟ್ ಪಂಡಿತ ಕ್ಯಾಲ್ವಿನ್‌ನ ದಾರಿಯವರಿಗೂ ಇಂದಿಗೂ ಒಮ್ಮತವಿಲ್ಲ. ದೇವರ ಚಿತ್ತವನ್ನು ಎದುರಿಸಿದವರು ಯಾರು, ಹಾಗಾದರೆ ನಮ್ಮ ತಪ್ಪೇನು ಎಂಬ ಪ್ರಶ್ನೆಯನ್ನು ಪೌಲನೇ ರೋಮಿನವರಿಗೆ ಬರೆದ ಪತ್ರದ 9ನೇ ಅಧ್ಯಾಯದಲ್ಲಿ ಎತ್ತಿ, ಮಣ್ಣು ಕುಂಬಾರನನ್ನು ಕೇಳುವುದುಂಟೇ ಎನ್ನುತ್ತಾನೆ. ದುಃಖದಲ್ಲಿದ್ದಾಗ ಆ ಉತ್ತರ ನನಗೆ ಸಾಲದು.

ಎದುರು ಬೀಳುವುದು ಬೇರೆ, ಬೇಡುವುದು ಬೇರೆ. ನಾಶವಾಗಲಿದ್ದ ಸೊದೋಮ್ ಊರಿಗಾಗಿ ಅಬ್ರಹಾಮ, ಇಷ್ಟು ನೀತಿವಂತರಿದ್ದರೆ ಊರನ್ನು ಉಳಿಸುತ್ತೀಯಾ ಎಂದು 50ರಿಂದ ಶುರುಮಾಡಿ 10ರವರೆಗೆ ಚೌಕಾಸಿ ಮಾಡಿದ, ದೇವರು ಗದರಲಿಲ್ಲ. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸುವೇ ಈ ಕಷ್ಟದ ಪಾತ್ರೆ ನನ್ನಿಂದ ತೊಲಗಲಿ ಎಂದು ಬೇಡಿದ, ಆಮೇಲೆ ನಿನ್ನ ಚಿತ್ತದಂತಾಗಲಿ ಎಂದ.

ಅಣ್ಣ ಕಾಮಾಲೆಯಾಗಿ ಮಲಗಿದ್ದಾಗ ಅಮ್ಮ ರಾತ್ರಿಯೆಲ್ಲ ಮೊಣಕಾಲೂರಿ, ನನ್ನ ಮಗನನ್ನು ನನಗೆ ಬಿಡು ಎಂದು ದೇವರ ಹತ್ತಿರ ಜಗಳವನ್ನೇ ಆಡುತ್ತಿದ್ದಳು. ಕೊನೆಗೆ ‘ತುಜಿ ಖುಶಿ’ ಎನ್ನುವಳು. ನಮ್ಮ ಕೊಂಕಣಿ ಪ್ರಾರ್ಥನೆಯಲ್ಲಿ ತುಜಿ ಎಂದರೆ ನಿನ್ನ, ಖುಶಿ ಎಂದರೆ ಚಿತ್ತ. ಕನ್ನಡ ಶಾಲೆಗೆ ಹೋಗುತ್ತಿದ್ದ ನಾನು ಅದನ್ನು ಸಂತೋಷ ಎಂದೇ ತಿಳಿದಿದ್ದೆ.

ಅಣ್ಣ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ರಾತ್ರಿ ಅಮ್ಮ ಮತ್ತೆ ಜಪಸರ ಹಿಡಿದಳು. ಆ ಎರಡು ಮಾತು ಬಂದಲ್ಲಿ ಅವಳ ದನಿ ನಿಂತಿತು. ಅಪ್ಪ ಮುಂದೆ ಹೇಳಲಿಲ್ಲ, ನಮಗೂ ಹೇಳಗೊಡಲಿಲ್ಲ. ಎಲ್ಲರೂ ಹಾಗೇ ಕೂತಿದ್ದೆವು. ತುಂಬಾ ಹೊತ್ತಿನ ಮೇಲೆ ಅಮ್ಮನೇ ಅದನ್ನು ಹೇಳಿದಳು.